ಮಂಗಳವಾರದ ಇಪ್ಪತ್ತೆರಡು ಚೀಲ

ಲಿಡ್ವಿನ್ ಪಿಂಟೊ ಯಾವ ಕಾಗದದ ಮೇಲೂ ಬರೀ ತಾರೀಖು ಬರೆಯುವುದಿಲ್ಲ. ತಾರೀಖಿನ ಪಕ್ಕದಲ್ಲಿ ವಾರವೂ ಇರಬೇಕು. ಕಡತದ ಬೆನ್ನಿನ ಮೇಲೆ, ಕೊರಿಯರ್ ರಸೀದಿಯ ಮೇಲೆ, ಆಫೀಸಿನ ಫ್ರಿಜ್ಜಿನಲ್ಲಿಟ್ಟ ಮೊಸರಿನ ಮುಚ್ಚಳದ ಮೇಲೆ ಕೂಡ. ಕಂಪ್ಯೂಟರು ತಾನಾಗಿ ಹಾಕುವ ತಾರೀಖು ಅವರಿಗೆ ಸಾಲದು. ಮುದ್ರಿಸಿದ ಹಾಳೆಯ ಮೂಲೆಯಲ್ಲಿ ನೀಲಿ ಪೆನ್ನಿನಿಂದ ‘ಬುಧ’ ಎಂದೋ ‘ಗುರು’ ಎಂದೋ ಸಣ್ಣಗೆ ಕನ್ನಡದಲ್ಲಿ ಬರೆದ ಮೇಲೆಯೇ ಅವರು ಅದನ್ನು ಕಡತಕ್ಕೆ ಹಾಕುವುದು.

“ಲಿಡ್ವಿನಣ್ಣ, ಮೊಸರಿಗೆ ವಾರ ಗೊತ್ತಾಗಿ ಎಂತ ಆಗ್ಲಿಕ್ಕುಂಟು?” ಎಂದು ನಕ್ಷೆ ವಿಭಾಗದ ಶಾನವಾಝ್ ಕೇಳುತ್ತಿದ್ದರು.

“ಮೊಸರಿಗೆ ಬೇಡ. ತಿನ್ನುವವನಿಗೆ ಬೇಕು.”

ನಮ್ಮ ಆಫೀಸು ಜುಮೇರಾ ಲೇಕ್ ಟವರ್ಸ್‌ನ ಒಂದು ಕಟ್ಟಡದ ಇಪ್ಪತ್ತಮೂರನೆಯ ಮಹಡಿಯಲ್ಲಿದೆ. ಬೆಟ್ಟ, ಮಣ್ಣು, ಅಂತರ್ಜಲಗಳ ಬಗ್ಗೆ ವರದಿ ಬರೆದುಕೊಡುವ ಸಂಸ್ಥೆ. ಅಲ್ಲಿ ಲಿಡ್ವಿನ್ ಪಿಂಟೊ ಡಾಕ್ಯುಮೆಂಟ್ ಕಂಟ್ರೋಲರ್. ಒಳಗೆ ಬರುವ, ಹೊರಗೆ ಹೋಗುವ ಪ್ರತಿ ಕಾಗದಕ್ಕೂ ನಂಬರು ಕೊಟ್ಟು, ಅದು ಎಲ್ಲಿದೆ ಎಂದು ಕೇಳಿದ ಕ್ಷಣದಲ್ಲಿ ಹೇಳುವುದು ಅವರ ಕೆಲಸ. ಅವರ ಪಕ್ಕದ ಮೇಜಿನಲ್ಲಿ ಕೂತು ಆ ಕೆಲಸ ಕಲಿಯುವುದು ನನ್ನದು. ಲಿಡ್ವಿನ್ ವಯಸ್ಸು ಐವತ್ತಮೂರು, ಊರು ಶಿರ್ವ. ಮನೆ ಅಬುಧಾಬಿಯ ಖಾಲಿದಿಯಾದಲ್ಲಿ, ಯಾಕೆಂದರೆ ಹೆಂಡತಿ ಹಿಲ್ಡಾ ಅಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಅದೇ ಬೀದಿಯಲ್ಲಿರುವ ಶಾನವಾಝ್ ಅವರ ಕಾರಿನಲ್ಲಿ ದಿನಾ ಬೆಳಿಗ್ಗೆ ನೂರಿಪ್ಪತ್ತು ಕಿಲೋಮೀಟರು ಬಂದು, ಸಂಜೆ ಅಷ್ಟೇ ದೂರ ವಾಪಸು ಹೋಗುತ್ತಾರೆ. ಹೋಗುವಾಗ ಬಲಗಡೆಯ ಕಿಟಕಿಯಲ್ಲಿ ಏನಿರುತ್ತದೆ ಎಂದು ಕೇಳಿದರೆ, “ಬಿಸಿಲು” ಎನ್ನುತ್ತಾರೆ.

ಈ ವರ್ಷದ ಏಪ್ರಿಲಿನಲ್ಲಿ ಒಂದು ಕಾನೂನಿನ ಕರಡು ನಮ್ಮ ಆಫೀಸಿಗೆ ಬಂತು. ವಿಮಾನಕ್ಕೆ, ಬ್ಯಾಟರಿಗೆ, ಫೋನಿಗೆ ಬೇಕಾದ ಕ್ರೋಮ್, ನಿಕಲ್, ತಾಮ್ರ ಮುಂತಾದ ಖನಿಜಗಳನ್ನು ಹೊರಗಿನಿಂದ ತರಿಸುವ ಬದಲು ಈ ದೇಶದ ಬೆಟ್ಟಗಳಲ್ಲೇ ಹೆಚ್ಚು ತೆಗೆಯುವುದಕ್ಕೆ ದಾರಿ ಮಾಡಿಕೊಡುವ ಕಾನೂನು. ಗಣಿ ಇಲಾಖೆಯವರು ಅದನ್ನು ಇನ್ನೂ ತೂಗಿ ನೋಡುತ್ತಿದ್ದರು. ನಮ್ಮಂಥ ಹಲವು ಸಂಸ್ಥೆಗಳಿಂದ ಅಭಿಪ್ರಾಯ ಕೇಳಿದ್ದರು. ಎರಡು ವಾರದ ಗಡುವು. ಕೊನೆಯ ದಿನ ಶುಕ್ರವಾರ, ಮಧ್ಯಾಹ್ನ ಹನ್ನೆರಡು ಗಂಟೆ.

ಲಿಡ್ವಿನ್ ಪಿಂಟೊ ಕರಡನ್ನು ಮುದ್ರಿಸಿ, ನಂಬರು ಕೊಟ್ಟು, ಮೂಲೆಯಲ್ಲಿ ‘ಸೋಮ’ ಎಂದು ಬರೆದರು. ಆಮೇಲೆ ಪುಟಗಳು ಸರಿಯಿವೆಯೇ ಎಂದು ಎಣಿಸುತ್ತ ಹೋದವರು ಕೊನೆಯ ಹಾಳೆಯಲ್ಲಿ ನಿಂತರು. ಅದು ಅನುಬಂಧ. ಮೊದಲು ಗಣಿಗೆ ತೆರೆಯಬಹುದಾದ ಒಂಬತ್ತು ಪ್ರದೇಶಗಳ ಪಟ್ಟಿ. ಐದನೆಯದು ವಾದಿ ಸಿದ್ರ. ಬೆಟ್ಟಗಳ ನಡುವಿನ ಒಣ ಹೊಳೆಯ ಕಣಿವೆಗೆ ಇಲ್ಲಿ ವಾದಿ ಎನ್ನುತ್ತಾರೆ. ಹೆಸರಿನ ಎದುರು ಆಧಾರ ಎಂದು ಸಾವಿರದ ಒಂಬೈನೂರ ತೊಂಬತ್ತೇಳರ ಒಂದು ಸರ್ವೆ ವರದಿಯ ಹೆಸರಿತ್ತು.

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

“ಸ್ಪಂದನಾ,” ಎಂದು ನನ್ನನ್ನು ಕರೆದರು, “ಈ ವರದಿಯ ಸ್ಕ್ಯಾನ್ ನಮ್ಮಲ್ಲಿ ಉಂಟಾ ನೋಡು.”

ಇತ್ತು. ಅದರ ಕೊನೆಯ ಕೋಷ್ಟಕವನ್ನು ಅವರು ಬೆರಳಿಟ್ಟು ಓದಿದರು. ಮೂರನೆಯ ದಿನ, ವಾದಿ ಸಿದ್ರ, ಇಪ್ಪತ್ತೆರಡು ಚೀಲ, ಕ್ರೋಮ್ ಅಂಶ ಬಹಳ ಹೆಚ್ಚು. ನಾಲ್ಕನೆಯ ದಿನ, ವಾದಿ ಹಮ್ರ, ಮಾದರಿಗಳಿಲ್ಲ.

“ಇದು ತಪ್ಪು,” ಎಂದರು. “ಇದು ನಾನು ಮಾಡಿದ ತಪ್ಪು.”

ಅವತ್ತು ಮಧ್ಯಾಹ್ನ ಊಟದ ಡಬ್ಬಿಯನ್ನು ತೆರೆಯದೆಯೇ ಅವರು ಹೇಳಿದ್ದು ಇಷ್ಟು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಅವರು ಈ ದೇಶಕ್ಕೆ ಬಂದದ್ದು ಆ ಸರ್ವೆ ಕಂಪೆನಿಯ ಸಹಾಯಕನಾಗಿ. ಪೂರ್ವದ ಕಪ್ಪು ಬೆಟ್ಟಗಳಲ್ಲಿ ಡೇರೆ. ಒಬ್ಬ ಸುಡಾನಿ ಭೂವಿಜ್ಞಾನಿ, ಒಬ್ಬ ಪಠಾಣ ಡ್ರೈವರು, ಒಬ್ಬ ಹಳೆಯ ಸಹಾಯಕ, ಮತ್ತೆ ಇವರು. ಭೂವಿಜ್ಞಾನಿ ಸುತ್ತಿಗೆಯಿಂದ ಕಲ್ಲು ಒಡೆದು ಕೊಟ್ಟರೆ ಬಟ್ಟೆಯ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಮೇಲೆ ದಪ್ಪ ಪೆನ್ನಿನಿಂದ ನಂಬರು ಬರೆಯಬೇಕು. ಮೊದಲು ವಾರದ ಎಷ್ಟನೆಯ ದಿನ ಎಂಬುದು, ಆಮೇಲೆ ಕಲ್ಲಿನ ಸಂಖ್ಯೆ. ಯಾವ ದಿನ ಯಾವ ಜಾಗ ಎಂಬುದು ಭೂವಿಜ್ಞಾನಿಯ ಪುಸ್ತಕದಲ್ಲಿ ಇರುತ್ತಿತ್ತು. ಚೀಲದ ಮೇಲೆ ಜಾಗದ ಹೆಸರಿಲ್ಲ.

ಸೋಮವಾರ ವಾದಿ ಸಿದ್ರಕ್ಕೆ ಹೋದರು. ಒಳಗೆ ಹೋಗುತ್ತಿದ್ದಂತೆ ಜೀಪು ಜಲ್ಲಿಯಲ್ಲಿ ಅಚ್ಚಿನವರೆಗೆ ಹೂತಿತು. ದಿನವಿಡೀ ಅದನ್ನು ಎತ್ತುವುದೇ ಕೆಲಸ. ಒಂದು ಕಲ್ಲೂ ಚೀಲಕ್ಕೆ ಬೀಳಲಿಲ್ಲ. ಅಲ್ಲಿದ್ದ ಖರ್ಜೂರದ ತೋಟದಿಂದ ಒಬ್ಬ ಮನುಷ್ಯ ಹಗ್ಗ, ಹಲಗೆ, ಕೊಡದಲ್ಲಿ ಬಾವಿಯ ನೀರು ತಂದ. ಹಿಂದಿ ಮಾತಾಡಿದ. ಆಮೇಲೆ ಹೊರೆ ಎತ್ತುವಾಗ ತುಳುವಿನಲ್ಲಿ ಉಸಿರು ಬಿಟ್ಟ. ಉಪ್ಪಿನಂಗಡಿಯ ಬ್ಯಾರಿ, ಹೆಸರು ಮಮ್ಮು. ಅವನ ತೋಟ ಅಲ್ಲ. ಅವನ ಅರ್ಬಾಬನದು, ಎಂದರೆ ಯಜಮಾನನದು. ಅವನು ನೋಡಿಕೊಳ್ಳುವವನು.

ಮಂಗಳವಾರ ಪಕ್ಕದ ವಾದಿ ಹಮ್ರಕ್ಕೆ ಹೋದರು. ಕೆಂಪು ಕಣಿವೆ. ಬಾವಿಯಿಲ್ಲ, ಮರವಿಲ್ಲ, ಯಾರೂ ಇಲ್ಲ. ಕಲ್ಲು ಮಾತ್ರ ಕೈಯಲ್ಲಿ ಹಿಡಿದರೆ ಕಬ್ಬಿಣದಷ್ಟು ಭಾರ. ಹಳೆಯ ಸಹಾಯಕನಿಗೆ ಅವತ್ತೊಂದು ದಿನ ಜ್ವರ ಇದ್ದುದರಿಂದ ಭೂವಿಜ್ಞಾನಿ ಪೆನ್ನನ್ನು ಲಿಡ್ವಿನ್ ಕೈಗೆ ಕೊಟ್ಟರು. ಬಂದು ಎಂಟು ದಿನವಾಗಿತ್ತು. ಶಿರ್ವದ ಮನೆಯಲ್ಲಿ ಇಗರ್ಜಿಯ ಕ್ಯಾಲೆಂಡರು ಆದಿತ್ಯವಾರದಿಂದ ಶುರುವಾಗುತ್ತಿತ್ತು. ಪೂಜೆಗೆ ಹೋಗಿ ಬಂದರೆ ವಾರ ಆರಂಭ. ಆದಿತ್ಯವಾರ ಒಂದು, ಸೋಮವಾರ ಎರಡು, ಮಂಗಳವಾರ ಮೂರು. ಇಪ್ಪತ್ತೆರಡು ಚೀಲಗಳ ಮೇಲೂ ಮೂರು ಎಂದು ಚೆಂದ ಮಾಡಿ ಬರೆದರು.

ಮುಂದಿನ ಶನಿವಾರ ಬೆಳಿಗ್ಗೆ ಹಳೆಯ ಸಹಾಯಕ ಹೊಸ ವಾರದ ಮೊದಲ ಚೀಲದ ಮೇಲೆ ಒಂದು ಎಂದು ಬರೆದ.

“ಶನಿವಾರ ಒಂದಾ?” ಎಂದು ಇವರು ಕೇಳಿದರು.

“ಮತ್ತೆ? ನಿನ್ನೆ ರಜೆ ಅಲ್ವಾ. ಇವತ್ತಿಂದ ವಾರ.”

ಆಗ ಇಲ್ಲಿ ಶುಕ್ರವಾರ ರಜೆ, ಶನಿವಾರದಿಂದ ಕೆಲಸ. ಎಂದರೆ ಸೋಮವಾರ ಮೂರು, ಮಂಗಳವಾರ ನಾಲ್ಕು. ಲಿಡ್ವಿನ್ ಮೂರು ಎಂದು ಬರೆದ ಕಲ್ಲುಗಳು ಪುಸ್ತಕದ ಲೆಕ್ಕದಲ್ಲಿ ಸೋಮವಾರದ ಸಿದ್ರಕ್ಕೆ ಹೋದವು. ನಾಲ್ಕನೆಯ ದಿನದ ಹಮ್ರ ಖಾಲಿ ಉಳಿಯಿತು. ಲಾರಿ ಅಷ್ಟರಲ್ಲಿ ಲ್ಯಾಬಿಗೆ ಹೋಗಿತ್ತು. ವರದಿ ಬರೆದವರು ಬೆಟ್ಟ ನೋಡದ ಆಫೀಸಿನವರು. ಪಾಸ್‌ಪೋರ್ಟಿನಲ್ಲಿ ವೀಸಾದ ಮುದ್ರೆ ಇನ್ನೂ ಬಿದ್ದಿರಲಿಲ್ಲ. ಅವರು ಯಾರಿಗೂ ಹೇಳಲಿಲ್ಲ.

“ಆಮೇಲೆ ಕಂಪೆನಿಯೇ ಮುಚ್ಚಿತು,” ಎಂದರು. “ಸತ್ತ ಕಾಗದ ಅಂತ ಅಂದುಕೊಂಡೆ. ಆ ಕಲ್ಲನ್ನು ಯಾರು ಕೇಳ್ತಾರೆ?”

ಡಬ್ಬಿಯ ಮೇಲಿನ ಚೀಟಿಯಲ್ಲಿ ‘ಸೋಮ’ ಎಂದಿತ್ತು. ಅವರು ಅದನ್ನೇ ನೋಡುತ್ತಿದ್ದರು.

ನಮ್ಮ ವಿಭಾಗದ ಮುಖ್ಯಸ್ಥ ಡೆನಿಸ್. ಮಂಗಳೂರಿನ ಬೆಂದೂರಿನವರು, ಲಿಡ್ವಿನ್‌ಗಿಂತ ಹತ್ತು ವರ್ಷ ಚಿಕ್ಕವರು. ಪ್ರೀತಿ ಇದ್ದಾಗ ಕೊಂಕಣಿಯಲ್ಲಿ ‘ಲಿಡ್ವಿನಾಬ್’ ಎನ್ನುತ್ತಾರೆ. ಪಕ್ಕದಲ್ಲಿ ನಾನೋ ಶಾನವಾಝೋ ಇದ್ದರೆ ಕನ್ನಡಕ್ಕೆ ತಿರುಗುತ್ತಾರೆ. ಮಂಗಳವಾರ ಬೆಳಿಗ್ಗೆ ಲಿಡ್ವಿನ್ ವರದಿ ಹಿಡಿದುಕೊಂಡು ಡೆನಿಸ್ ಕೋಣೆಗೆ ಹೋದರು. ನಾನು ಪುಟಗಳನ್ನು ಹಿಡಿದು ಹಿಂದೆ ನಿಂತಿದ್ದೆ.

ಡೆನಿಸ್ ಪೂರ್ತಿ ಕೇಳಿದರು. ಮೊದಲು ನಕ್ಕರು.

“ಲಿಡ್ವಿನಾಬ್, ನಾನು ಪಿಯುಸಿಯಲ್ಲಿ ಕಾಪಿ ಹೊಡೆದದ್ದನ್ನೂ ಈಗ ಹೇಳ್ಬೇಕಾ?”

“ಅಲ್ಲಿ ಒಂದು ತೋಟ ಉಂಟು ಡೆನಿಸ್. ಬಾವಿ ಉಂಟು.”

“ನಮಗೆ ಕೇಳಿದ್ದು ಕಾನೂನಿನ ಕಲಮುಗಳ ಬಗ್ಗೆ. ಅನುಬಂಧದ ಬಗ್ಗೆ ಅಲ್ಲ. ಈ ಫಾರ್ಮ್ ನೋಡಿ. ಕಲಮಿನ ಸಂಖ್ಯೆ, ಈಗಿರುವ ಮಾತು, ಬದಲಿಗೆ ಸೂಚಿಸುವ ಮಾತು, ಕಾರಣ, ಪುರಾವೆ. ಅನುಬಂಧಕ್ಕೆ ಸಾಲೇ ಇಲ್ಲ.”

“ಸಾಲು ನಾನು ಸೇರಿಸ್ತೇನೆ.”

“ಬೀಗ ಹಾಕಿದ ಫಾರ್ಮ್ ಅದು.” ಡೆನಿಸ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ನಿಮಗೆ ಕಾನೂನು ಬೇಡವಾ? ಅದನ್ನಾದ್ರೆ ಬರೆಯುವ. ಪರಿಸರ ಅಂತ ಒಂದು ಪ್ಯಾರಾ ಹೇಗೂ ಹಾಕ್ಬೇಕು.”

“ಕಾನೂನು ಬೇಡ ಅಂತ ನಾನು ಹೇಳ್ಲೇ ಇಲ್ಲ. ಗಣಿ ಮಾಡ್ಲಿ. ಕಲ್ಲು ಇರುವಲ್ಲಿ ಮಾಡ್ಲಿ. ಕಲ್ಲು ಇರುವುದು ಹಮ್ರದಲ್ಲಿ.”

“ಪುರಾವೆ?”

ಲಿಡ್ವಿನ್ ಅಂಗಿಯ ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದರು. ರಟ್ಟು ಹೋಗಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದರು. ಡೆನಿಸ್ ಅದನ್ನು ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದುವುದು ಕಷ್ಟ. ನಾನು ಓದಿದೆ. ‘ಸೋಮವಾರ. ಸಿದ್ರ. ಜೀಪು ಹೂತಿತು. ಒಂದೂ ಕಲ್ಲಿಲ್ಲ. ಉಪ್ಪಿನಂಗಡಿಯ ಮಮ್ಮು ಎಂಬವರು ನೀರು ಕೊಟ್ಟರು. ಮಂಗಳವಾರ. ಹಮ್ರ. 22 ಚೀಲ. ಇವತ್ತು ಪೆನ್ನು ನನ್ನ ಕೈಗೆ ಕೊಟ್ಟರು.’

ಕೊನೆಯ ಸಾಲಿನ ಕೆಳಗೆ ಗೆರೆ ಎಳೆದಿದ್ದರು. ಅದನ್ನು ಓದುವಾಗ ಲಿಡ್ವಿನ್ ಕಿಟಕಿಯ ಕಡೆ ತಿರುಗಿದ್ದರು.

“ಇದನ್ನು ಇಲಾಖೆಗೆ ಕಳಿಸ್ಲಿಕ್ಕೆ ಆಗ್ತದಾ?” ಎಂದರು ಡೆನಿಸ್, ಈ ಸಲ ನಗದೆ. “ಪ್ರಮಾಣೀಕೃತ ಅನುವಾದ ಬೇಕು. ತಂದ್ರೆ ನೋಡುವ.”

‘ನೋಡುವ’ ಎಂಬ ಮಾತನ್ನು ಲಿಡ್ವಿನ್ ಆಶ್ವಾಸನೆ ಎಂದು ತಿಳಿದರು. ಅವತ್ತಿನಿಂದ ಶುರುವಾಯಿತು.

ಬುಧವಾರ ಕರಾಮದ ಟೈಪಿಂಗ್ ಸೆಂಟರುಗಳಿಗೆ ಹೋದರು. ಅರಬ್ಬಿ ಅನುವಾದ ಮಾಡಿ ಮುದ್ರೆ ಒತ್ತಿಕೊಡುವವರು ಅಲ್ಲಿ ಸಾಲಾಗಿ ಕೂತಿರುತ್ತಾರೆ. ಮಲಯಾಳಂ ಇದೆ, ತಮಿಳು ಇದೆ, ಉರ್ದು, ಹಿಂದಿ, ಬಂಗಾಳಿ ಇದೆ. “ಕನ್ನಡ ಮಾಫಿ,” ಎಂದರೆ ಇಲ್ಲ, ಎಂದ ಮೊದಲನೆಯವನು. ಎರಡನೆಯವನು ಪುಟ ನೋಡಿ, ಇದು ತೆಲುಗಲ್ಲವೇ, ತೆಲುಗು ಎಂದು ಮಾಡಿಕೊಡುತ್ತೇನೆ ಎಂದ. ಲಿಡ್ವಿನ್ ನೋಟ್‌ಬುಕ್ಕನ್ನು ವಾಪಸು ಕೇಳಿ ತೆಗೆದುಕೊಂಡರು. ಒಂದು ತಪ್ಪು ತಿದ್ದುವುದಕ್ಕೆ ಇನ್ನೊಂದು ಸುಳ್ಳಿನ ಮುದ್ರೆ ಬೇಡ ಎಂದರಂತೆ. ಟೈಪಿಂಗ್ ಸೆಂಟರಿನವನು, ಇಂಥ ಗಿರಾಕಿಯನ್ನು ಮೊದಲ ಸಲ ನೋಡಿದೆ ಎಂದನಂತೆ.

ಗುರುವಾರ ಇಲಾಖೆಯ ಸಹಾಯವಾಣಿ. ಫೋನನ್ನು ಸ್ಪೀಕರಿನಲ್ಲಿಟ್ಟು, ಅದರ ಸಂಗೀತ ಕೇಳುತ್ತ ಅವರು ಇತರ ಕಾಗದಗಳಿಗೆ ನಂಬರು ಹಾಕಿದರು. ನಲವತ್ತು ನಿಮಿಷದ ಮೇಲೆ ಒಬ್ಬಳು ಬಹಳ ಮರ್ಯಾದೆಯಿಂದ, ಪೋರ್ಟಲಿನಲ್ಲಿ ಬರೆಯಿರಿ ಎಂದಳು. ಪೋರ್ಟಲಿನಲ್ಲಿ ಮೊದಲ ಪ್ರಶ್ನೆ, ನೀವು ಯಾರು. ಗಣಿ ಮಾಲೀಕರು, ಹೂಡಿಕೆದಾರರು, ಭೂಮಾಲೀಕರು, ಸಲಹಾ ಸಂಸ್ಥೆ, ವಿಶ್ವವಿದ್ಯಾಲಯ. ಯಾವುದನ್ನು ಒತ್ತಿದರೂ ಟ್ರೇಡ್ ಲೈಸೆನ್ಸ್ ಅಥವಾ ಭೂಮಿಯ ಪತ್ರದ ಸಂಖ್ಯೆ ಕೇಳುತ್ತಿತ್ತು. ಅದಿಲ್ಲದೆ ಮುಂದಿನ ಪುಟ ತೆರೆಯುವುದಿಲ್ಲ.

ಶಾನವಾಝ್ ಹಿಂದೆ ನಿಂತು ನೋಡಿದರು. “‘ಚೀಲಕ್ಕೆ ನಂಬರು ಬರೆದವ’ ಅಂತ ಒಂದು ಆಪ್ಷನ್ ಬೇಕಿತ್ತು ಲಿಡ್ವಿನಣ್ಣ.”

“ನಗಾಡು ನೀನು.”

“ನಗಾಡ್ಲಿಲ್ಲ ಮಾರಾಯ್ರೆ. ನನ್ನ ನಕ್ಷೆಯಲ್ಲಿ ಬಣ್ಣ ಬದಲಿಸ್ಲಿಕ್ಕೆ ಎರಡು ನಿಮಿಷ ಸಾಕು. ಆದ್ರೆ ಯಾರ ಮಾತಿನ ಮೇಲೆ ಬದಲಿಸುದು? ವರದಿ ಬರೆದ ಕಂಪೆನಿ ತಿದ್ದುಪಡಿ ಕಳಿಸ್ಬೇಕು. ಕಂಪೆನಿ ಇಲ್ಲ. ಇಲ್ಲದ ಕಂಪೆನಿ ತಪ್ಪು ಮಾಡುದೂ ಇಲ್ಲ.” ಗೋಡೆಯ ಕ್ಯಾಲೆಂಡರಿನ ಕಡೆ ಕೈ ತೋರಿಸಿದರು. “ಈಗಾದ್ರೆ ವಾರ ಸೋಮವಾರದಿಂದ ಶುರು. ಈಗ ಬರ್ದಿದ್ರೆ ಮಂಗಳವಾರ ಎರಡು. ಎಷ್ಟು ಸಲ ಬದಲಿಸುದು ನೀವಾದ್ರೂ?”

ಲಿಡ್ವಿನ್ ನಕ್ಕರು. ಆಮೇಲೆ ಪೋರ್ಟಲಿನ ‘ಭೂಮಾಲೀಕರು’ ಎಂಬ ಸಾಲಿನ ಮೇಲೆ ಬೆರಳಿಟ್ಟರು.

ಶನಿವಾರ ಇಬ್ಬರೂ ಶಾನವಾಝ್ ಕಾರಿನಲ್ಲಿ ವಾದಿ ಸಿದ್ರಕ್ಕೆ ಹೊರಟರು. ನನ್ನನ್ನೂ ಕರೆದರು, ಮಮ್ಮು ಹೇಳುವುದನ್ನು ಬರೆದುಕೊಳ್ಳುವುದಕ್ಕೆ ಒಂದು ಕೈ ಇರಲಿ ಎಂದು. ಕಣಿವೆಯ ಬಾಯಿಯಲ್ಲಿ ಈಗ ಡಾಂಬರು ರಸ್ತೆ ಇದೆ. ಆಮೇಲೆ ಬಿಳಿ ಜಲ್ಲಿ. ಎರಡು ಕಡೆಯೂ ಕಪ್ಪು ಬೆಟ್ಟ, ಸುಟ್ಟ ಹಂಚಿನ ಹಾಗೆ. ತಿರುವಿನಾಚೆ ಥಟ್ಟನೆ ನೂರೈವತ್ತು ಖರ್ಜೂರದ ಮರ. ಬುಡದಲ್ಲಿ ನೀರಿನ ಸಣ್ಣ ಕಾಲುವೆ. ನೆರಳಿಗೆ ಕಾಲಿಟ್ಟ ಕೂಡಲೇ ಕಿವಿಗೆ ತಣ್ಣಗಾದಂತೆ ಆಯಿತು.

ಮಮ್ಮು ಮುಂಡು ಎತ್ತಿ ಕಟ್ಟಿ, ಗಂಡು ಹೂವಿನ ಗೊಂಚಲನ್ನು ಹೆಣ್ಣು ಮರಕ್ಕೆ ಕಟ್ಟುತ್ತಿದ್ದರು. ಅರವತ್ತು ದಾಟಿದವರು. ಏಣಿಯ ಮೇಲಿಂದಲೇ, ತುಳುವಿನಲ್ಲಿ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವ ಹೆಸರಿನಲ್ಲಿ, ಕೂಗಿದರು.

“ಪೊರ್ಬುಲೆ, ಖರ್ಜೂರ ಆಗಸ್ಟಿಗೆ. ಈಗ ಬಂದು ಎಂತ ಮಾಡ್ತೀರಿ?”

ಇಪ್ಪತ್ತೆಂಟು ವರ್ಷ ಪ್ರತಿ ಆಗಸ್ಟಿನಲ್ಲಿ ಒಂದು ಡಬ್ಬಿ ಖರ್ಜೂರ ಈ ತೋಟದಿಂದ ಲಿಡ್ವಿನ್ ಮನೆಗೆ ಬರುತ್ತಿತ್ತು. ತರಕಾರಿ ಪಿಕಪ್ಪಿನಲ್ಲೋ, ಯಾರದೋ ಕೈಯಲ್ಲೋ. ಕ್ರಿಸ್ಮಸಿಗೆ ಹಿಲ್ಡಾ ಮಾಡಿದ ಕುಸ್ವಾರು ತಿಂಡಿ ಹಾಗೆಯೇ ವಾಪಸು ಹೋಗುತ್ತಿತ್ತು.

ಲಿಡ್ವಿನ್ ಎಲ್ಲವನ್ನೂ ಹೇಳಿದರು. ಬಾವಿಯ ಕಟ್ಟೆಯ ಮೇಲೆ ಕೂತು, ತಲೆ ಎತ್ತದೆ. ಮಮ್ಮು ಸ್ಟೀಲಿನ ಲೋಟಗಳಲ್ಲಿ ಸುಲೈಮಾನಿ ಚಹಾ ಹಾಕಿ ಎಲ್ಲರಿಗೂ ಕೊಟ್ಟರು. ತಾನು ಕುಡಿಯಲಿಲ್ಲ.

“ಒಂದು ನಂಬರಿಗಾ?” ಎಂದರು ಕೊನೆಗೆ.

“ಒಂದು ನಂಬರಿಗೆ.”

“ಗಣಿ ಬಂದ್ರೆ ಬಾವಿ ಹೋಗ್ತದೆ. ಬಾವಿ ಹೋದ್ರೆ ತೋಟ ಖಲಾಸ್. ನನ್ನ ವೀಸಾ ಇರುದು ಈ ತೋಟದ ಮೇಲೆ.” ಅವರು ಇದನ್ನು ದೂರುವಂತೆ ಹೇಳಲಿಲ್ಲ, ಎಣಿಸುವಂತೆ ಹೇಳಿದರು. “ಇಪ್ಪತ್ತೆಂಟು ವರ್ಷ ನನ್ನ ಖರ್ಜೂರ ತಿಂದ್ರಿ ಪೊರ್ಬುಲೆ. ಯಾವುದಾದ್ರೂ ಒಂದು ವರ್ಷ ಹೇಳ್ಬಹುದಿತ್ತು.”

ಲಿಡ್ವಿನ್ ಲೋಟವನ್ನು ಕಟ್ಟೆಯ ಮೇಲೆ ಇಟ್ಟರು. ಮತ್ತೆ ಎತ್ತಿಕೊಂಡರು.

“ಕಾಕ, ಈಗ ಬಂದಿದ್ದಾರಲ್ಲ,” ಎಂದರು ಶಾನವಾಝ್. “ನಿಮ್ಮ ಅರ್ಬಾಬ್ ಒಂದು ಅರ್ಜಿ ಹಾಕಿದ್ರೆ ಆಯ್ತು. ಭೂಮಿ ಅವರದ್ದು. ಪೋರ್ಟಲ್ ತೆರೆಯುದೇ ಅವರಿಗೆ.”

ಅರ್ಬಾಬ್ ನಗರದಲ್ಲಿದ್ದರು, ಕಾಯಿಲೆಯಾಗಿ. ವ್ಯವಹಾರ ಮಗನದು. ಮಮ್ಮು ಅರಬ್ಬಿಯಲ್ಲಿ ಫೋನು ಮಾಡಿದರು. ನಿಂತುಕೊಂಡು, ಮುಂಡು ಕೆಳಗಿಳಿಸಿ. ಮಗ ಸಮಾಧಾನದಿಂದಲೇ ಮಾತಾಡಿದ್ದು ಆಚೆಯಿಂದ ಕೇಳುತ್ತಿತ್ತು. ಮಮ್ಮು ಫೋನಿಟ್ಟು ಹೇಳಿದರು: “ಕಾನೂನು ಇನ್ನೂ ಆಗ್ಲಿಲ್ಲ, ಆಗದ್ದಕ್ಕೆ ಎಂತ ತಕರಾರು, ಆದ ಮೇಲೆ ನಮಗೆ ನೋಟಿಸು ಬರ್ತದೆ, ಆಗ ವಕೀಲರು ನೋಡ್ತಾರೆ ಅಂತ.”

“ಆಗ ತಡವಾಗ್ತದೆ ಅಂತ ಹೇಳಿ,” ಎಂದರು ಲಿಡ್ವಿನ್.

“ಹೇಳಿದೆ. ‘ಮಮ್ಮು, ನೀನು ಮರ ನೋಡಿಕೋ’ ಅಂದ್ರು.”

ಹೊರಡುವಾಗ ಲಿಡ್ವಿನ್ ಪಕ್ಕದ ಕಣಿವೆಗೆ ಕಾರು ತಿರುಗಿಸಲು ಹೇಳಿದರು. ವಾದಿ ಹಮ್ರದಲ್ಲಿ ಇಳಿದು ಸ್ವಲ್ಪ ದೂರ ನಡೆದು, ಮುಷ್ಟಿಯಷ್ಟು ದೊಡ್ಡ ಒಂದು ಕಪ್ಪು ಕಲ್ಲು ತಂದು ನನ್ನ ಕೈಗಿತ್ತರು. ಕೈ ಕೆಳಗೆ ಜಗ್ಗಿತು.

“ನೋಡಿದ್ಯಾ?” ಎಂದರು. “ಕಲ್ಲು ಸುಳ್ಳು ಹೇಳ್ಲಿಲ್ಲ.”

ವಾಪಸು ಬರುವಾಗ ದಾರಿಯಲ್ಲಿ ಲಿಡ್ವಿನ್ ಮಗಳು ಸ್ಟೇಸಿ ಫೋನು ಮಾಡಿದಳು. ಅವಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಅಪ್ಪ ಕೊಂಕಣಿಯಲ್ಲಿ ಹೇಳಿದ್ದನ್ನೆಲ್ಲ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸಿದಳು: ಡ್ಯಾಡಿ, ಒಂದು ಇಮೇಲ್ ಬರೆದು ಬಿಡಿ, ಅಷ್ಟೇ ತಾನೇ. ಲಿಡ್ವಿನ್ ಫೋನಿಟ್ಟು, “ಅಷ್ಟೇ ತಾನೇ,” ಎಂದು ಕನ್ನಡದಲ್ಲಿ ಇನ್ನೊಮ್ಮೆ ಹೇಳಿಕೊಂಡರು.

ಎರಡನೆಯ ವಾರ ಮೊದಲನೆಯದರಂತೆಯೇ ಹೋಯಿತು. ಅವರು ಆರು ಇಮೇಲ್ ಬರೆದರು. ಆರಕ್ಕೂ ತಾನಾಗಿ ಬರುವ ಒಂದೇ ಉತ್ತರ ಬಂತು. ಡೆನಿಸ್ ಬಳಿ ನಾಲ್ಕು ಸಲ ಹೋದರು. ಮೂರನೆಯ ಸಲ ನೋಟ್‌ಬುಕ್ಕಿನ ಆ ಪುಟಕ್ಕೆ ನಾನು ಮಾಡಿಕೊಟ್ಟ ಇಂಗ್ಲಿಷ್ ಅನುವಾದವನ್ನು ಕೊಂಡೊಯ್ದರು, ಮುದ್ರೆಯಿಲ್ಲದ್ದು. ಡೆನಿಸ್ ಅದನ್ನು ಓದಿ, ಚೆನ್ನಾಗಿದೆ ಎಂದು ಮೇಜಿನ ಮೇಲಿಟ್ಟರು. ನಾಲ್ಕನೆಯ ಸಲ ಅವರು ಇಂಗ್ಲಿಷಿನಲ್ಲಿ ಮಾತಾಡಿದರು. ಮಿಸ್ಟರ್ ಪಿಂಟೊ, ಈ ಸಂಸ್ಥೆಯ ಕಂಟ್ರೋಲರೇ ತಾನು ದಾಖಲೆ ಹಾಳು ಮಾಡಿದೆ ಎಂದು ಹೇಳಿದರೆ ನಾಳೆ ನಮಗೆ ಯಾರು ಕೆಲಸ ಕೊಡುತ್ತಾರೆ ಎಂದು ಕೇಳಿದರು. ಲಿಡ್ವಿನ್ ಅದಕ್ಕೆ ಕೊಂಕಣಿಯಲ್ಲೇ ಉತ್ತರ ಕೊಟ್ಟರು. ಏನೆಂದು ನನಗೆ ಗೊತ್ತಾಗಲಿಲ್ಲ. ಡೆನಿಸ್ ಮುಖ ತಿರುಗಿಸಿದ್ದು ಗೊತ್ತಾಯಿತು.

ಆ ದಿನಗಳಲ್ಲಿ ಅವರ ಅಕ್ಷರ ಕೆಟ್ಟಿತು. ಹಾಳೆಯ ಮೂಲೆಯ ವಾರಗಳು ಒತ್ತಿ ಬರೆದು ಹರಿಯುವಂತಾಗಿದ್ದವು. ಒಮ್ಮೆ ಸ್ಟೇಪ್ಲರನ್ನು ಮೇಜಿಗೆ ಕುಕ್ಕಿ, ಕೂಡಲೇ ಅದನ್ನು ನೇರವಾಗಿ ಇಟ್ಟರು. ಅವರು ಕೂಗಾಡಿದ್ದನ್ನು ನಾನು ನೋಡಿಲ್ಲ. ಕೂಗಾಡಿದ್ದರೆ ನಮಗೆಲ್ಲ ಸುಲಭವಾಗುತ್ತಿತ್ತು.

ಶುಕ್ರವಾರ ಹನ್ನೊಂದೂವರೆಗೆ ಸಂಸ್ಥೆಯ ಅಭಿಪ್ರಾಯ ಸಿದ್ಧವಾಯಿತು. ನಲವತ್ತೊಂದು ಟಿಪ್ಪಣಿ. ಅನುಬಂಧದ ಬಗ್ಗೆ ಒಂದೂ ಇಲ್ಲ. ಹೊರಗೆ ಹೋಗುವ ಪ್ರತಿ ದಾಖಲೆಗೂ ಮೇಲೆ ಒಂದು ಮುಖಪುಟ ಇರುತ್ತದೆ. ದಾಖಲೆಯ ನಂಬರು, ಪುಟಗಳು, ‘ಪರಿಶೀಲಿಸಿದೆ, ಸರಿಯಿದೆ’ ಎಂಬ ಸಾಲು, ಕಂಟ್ರೋಲರ್ ಸಹಿ, ಅದರ ಕೆಳಗೆ ‘ಷರಾ’ ಎಂದು ಒಂದು ಚೌಕ. ಆ ಚೌಕವನ್ನು ಯಾರೂ ತುಂಬುವುದಿಲ್ಲ. ಲಿಡ್ವಿನ್ ಸಹಿ ಬೀಳದೆ, ಅವರ ಲಾಗಿನ್‌ನಿಂದ ಹೋಗದೆ ನಮ್ಮ ಕಾಗದ ಹೊರಗೆ ಹೋಗುವುದಿಲ್ಲ. ಅದು ಸಂಸ್ಥೆಯ ನಿಯಮ.

ಅವರು ಪುಟಗಳನ್ನು ಎಣಿಸಿದರು. ಎರಡು ಸಲ. ಸಹಿ ಹಾಕಿದರು. ‘ಶುಕ್ರ’ ಎಂದು ಬರೆದರು. ಆಮೇಲೆ ಷರಾ ಚೌಕದಲ್ಲಿ ಇಂಗ್ಲಿಷಿನಲ್ಲಿ, ಅಚ್ಚುಕಟ್ಟಾದ ಅಕ್ಷರಗಳಲ್ಲಿ, ಬರೆಯತೊಡಗಿದರು. 1997ರ ವರದಿಯಲ್ಲಿ ಮೂರನೆಯ ದಿನದ್ದೆಂದು ಇರುವ ಇಪ್ಪತ್ತೆರಡು ಚೀಲಗಳು ಮಂಗಳವಾರ ವಾದಿ ಹಮ್ರದಲ್ಲಿ ತೆಗೆದವು. ವಾದಿ ಸಿದ್ರದಲ್ಲಿ ಕಲ್ಲು ತೆಗೆದಿಲ್ಲ. ಅಲ್ಲಿ ಬಳಕೆಯಲ್ಲಿರುವ ಬಾವಿ ಇದೆ. ಚೀಲಗಳ ಮೇಲೆ ನಂಬರು ತಪ್ಪಾಗಿ ಬರೆದವನು ನಾನು. ಲಿಡ್ವಿನ್ ಪಿಂಟೊ.

ಸ್ಕ್ಯಾನ್ ಮಾಡುವ ಮೊದಲು ಅದನ್ನು ಡೆನಿಸ್ ಬಳಿ ತೆಗೆದುಕೊಂಡು ಹೋದರು. ಕದ್ದು ಕಳಿಸಬಹುದಿತ್ತು. ಕಳಿಸಲಿಲ್ಲ.

ಡೆನಿಸ್ ಓದಿದರು. ಗಡಿಯಾರ ನೋಡಿದರು. ಹನ್ನೊಂದು ಐವತ್ತು.

“ಇದು ಕಂಪೆನಿಯ ಮುಖಪುಟ,” ಎಂದರು, ತಗ್ಗಿದ ಸ್ವರದಲ್ಲಿ. “ಇಗರ್ಜಿಯ ಪಾಪನಿವೇದನೆಯ ಪೆಟ್ಟಿಗೆ ಅಲ್ಲ.”

“ಅಲ್ಲಿ ಹೇಳಿ ಆಯ್ತು ಡೆನಿಸ್. ಎಷ್ಟೋ ಸಲ. ಪಾದ್ರಿಯವರ ಹತ್ರ ಟ್ರೇಡ್ ಲೈಸೆನ್ಸ್ ಇಲ್ಲ.”

“ಬೇರೆ ಪ್ರಿಂಟ್ ತೆಗೀರಿ.”

“ತೆಗೀತೇನೆ. ಸಹಿ ಹಾಕುದಿಲ್ಲ. ‘ಸರಿಯಿದೆ’ ಅಂತ ಒಂದು ಸಲ ಸುಮ್ಮನಿದ್ದದ್ದು ಸಾಕು.”

ನಾನು ಬಾಗಿಲ ಬಳಿ ನಿಂತಿದ್ದೆ. ಡೆನಿಸ್ ಒಂದು ಕ್ಷಣ ನನ್ನ ಕಡೆ ನೋಡಿದರು. ಆಮೇಲೆ ಮತ್ತೆ ಗಡಿಯಾರ ನೋಡಿದರು. ಹಾಳೆಯನ್ನು ಮೇಜಿನ ಮೇಲೆ ಲಿಡ್ವಿನ್ ಕಡೆಗೆ ನೂಕಿದರು.

“ಕಳಿಸಿ,” ಎಂದರು. “ಮುಖಪುಟವನ್ನು ಯಾರೂ ಓದುದಿಲ್ಲ.”

ಹನ್ನೊಂದು ಐವತ್ತೇಳಕ್ಕೆ ಅದು ಹೋಯಿತು. ಸ್ವೀಕರಿಸಿದೆವು, ನಲವತ್ತೊಂದು ಟಿಪ್ಪಣಿ ಎಂದು ಉತ್ತರ ಬಂತು. ನಲವತ್ತೆರಡು ಎಂದು ಬರಲಿಲ್ಲ.

ಸೋಮವಾರ ಬೆಳಿಗ್ಗೆ ಲಿಡ್ವಿನ್ ಮೇಜಿನ ಮೇಲೆ ಒಂದು ಎಚ್ಚರಿಕೆ ಪತ್ರ ಇತ್ತು, ಅವರ ಹೆಸರಿಗೇ. ಸಂಸ್ಥೆಯ ದಾಖಲೆಯನ್ನು ಸ್ವಂತ ವಿಷಯಕ್ಕೆ ಬಳಸಿದ್ದಕ್ಕೆ. ಒಳಗಿನ ಪತ್ರಗಳಿಗೂ ನಂಬರು ಬೇಕು, ಕೊಡುವವರು ಅವರೇ. ಅವರು ಅದನ್ನು ಪೂರ್ತಿ ಓದಿ, ಪುಟ ಎಣಿಸಿ, ನಂಬರು ಹಾಕಿ, ಮೂಲೆಯಲ್ಲಿ ‘ಸೋಮ’ ಎಂದು ಬರೆದು, ತಮ್ಮ ಕಡತದಲ್ಲಿ ತಾವೇ ಸೇರಿಸಿದರು. ಒಂದು ಕಾಗುಣಿತದ ತಪ್ಪಿತ್ತು. ಅದನ್ನು ಪೆನ್ಸಿಲಿನಿಂದ ಗುರುತು ಮಾಡಿದರು.

ಕಾನೂನನ್ನು ಇನ್ನೂ ತೂಗಿ ನೋಡುತ್ತಿದ್ದಾರೆ. ಅನುಬಂಧ ಬದಲಾಗಿದೆಯೋ ಇಲ್ಲವೋ ನಮಗೆ ಗೊತ್ತಿಲ್ಲ. ಪ್ರತಿ ಮಂಗಳವಾರ ಊಟದ ಹೊತ್ತಿನಲ್ಲಿ ಲಿಡ್ವಿನ್ ಸಹಾಯವಾಣಿಗೆ ಫೋನು ಮಾಡುತ್ತಾರೆ. ಸಂಗೀತ ಮುಗಿದ ಮೇಲೆ ಯಾರಾದರೂ ಬಂದು, ಪರಿಶೀಲನೆಯಲ್ಲಿದೆ ಎನ್ನುತ್ತಾರೆ. ಅವರು ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ಅದೇ ಹಳೆಯ ನೋಟ್‌ಬುಕ್ಕಿನ ಉಳಿದ ಪುಟಗಳಲ್ಲಿ, ತಾರೀಖಿನ ಪಕ್ಕದಲ್ಲಿ ವಾರ ಹಾಕಿ.

ಆಗಸ್ಟು ಮುಗಿಯುತ್ತ ಬಂದಿತ್ತು. ಡಬ್ಬಿ ಬರಲಿಲ್ಲ. ಲಿಡ್ವಿನ್ ಅದರ ಮಾತೆತ್ತಲಿಲ್ಲ. ಹಿಲ್ಡಾ ಕೇಳಿದರಂತೆ, ಈ ವರ್ಷ ಬೆಳೆ ಹೇಗಂತೆ ಎಂದು. ಕೊನೆಗೆ ಒಂದು ಮಂಗಳವಾರ ಸಹಾಯವಾಣಿಗೆ ಮಾಡಿ ಮುಗಿಸಿ, ಅದೇ ಫೋನಿನಿಂದ ಮಮ್ಮುವಿಗೆ ಮಾಡಿದರು. ಸ್ಪೀಕರು ಆರಿಸಲು ಮರೆತಿದ್ದರು.

“ಬ್ಯಾರಿಗಳೇ, ಹೇಗಿದ್ದೀರಿ?”

“ಹೀಗೇ. ಮರ ನೋಡಿಕೊಂಡು.” ಹಿಂದೆ ಪಂಪಿನ ಸದ್ದು ಕೇಳುತ್ತಿತ್ತು. “ಉತ್ತರ ಬಂತಾ?”

“ಇಲ್ಲ. ಪರಿಶೀಲನೆಯಲ್ಲಿ ಉಂಟಂತೆ.”

“ಹೌದಾ.” ಮಮ್ಮು ಪಂಪು ಆರಿಸಿದ್ದು ಕೇಳಿಸಿತು. “ಡಬ್ಬಿ ಕಟ್ಟಿಟ್ಟಿದ್ದೇನೆ ಪೊರ್ಬುಲೆ. ಹಾಳಾಗುದಿಲ್ಲ, ಒಣಗಿದ್ದು. ನಿಮಗೆ ಉತ್ತರ ಬಂದ ದಿನ ಬಂದು ತಗೊಂಡು ಹೋಗಿ.”

“ಬರದಿದ್ರೆ?”

“ಬರದಿದ್ರೆ ಡಬ್ಬಿ ಇಲ್ಲಿರ್ತದೆ. ನಾನಿರುವಷ್ಟು ದಿನ.”

ಫೋನು ಇಟ್ಟ ಮೇಲೆ ಲಿಡ್ವಿನ್ ನೋಟ್‌ಬುಕ್ ತೆರೆದು ಒಂದು ಸಾಲು ಬರೆದರು. ಬರೆದು ಮುಗಿಸಿ ಅದನ್ನು ನನ್ನ ಕಡೆ ತಿರುಗಿಸಿದರು, ತಾರೀಖು ಸರಿ ಇದೆಯಾ ನೋಡು ಎನ್ನುವ ಹಾಗೆ. ಸರಿ ಇತ್ತು. ವಾರವೂ ಸರಿ ಇತ್ತು. ಅವರು ಫೋನು ಎತ್ತಿಕೊಂಡು ಸಹಾಯವಾಣಿಗೆ ಮತ್ತೆ ಮಾಡಿದರು. ಸಂಗೀತ ಶುರುವಾಯಿತು.